ಕ್ಯಾರವಾನಿನ ಟ್ಯೂಬ್‌ಲೈಟು ಮತ್ತು ಒಂದೂವರೆ ವೋಲ್ಟ್

ಟ್ಯೂಬ್‌ಲೈಟ್ ಅಂದ್ರೆ ನಮ್ಮಲ್ಲಿ ಎರಡು ಅರ್ಥ. ಒಂದು ಗೋಡೆ ಮೇಲಿರೋದು, ಇನ್ನೊಂದು ಜೋಕ್ ಹೇಳಿ ಎರಡು ನಿಮಿಷ ಆದ ಮೇಲೆ ನಗೋ ಫ್ರೆಂಡು. ಈ ಸಲದ ಅಂಕಣ ಮೊದಲನೆಯದರ ಬಗ್ಗೆ. ಅದೂ ಗೋಡೆ ಮೇಲಿನದಲ್ಲ, ಕಾರಿನ ಹಿಂದೆ ಕಟ್ಕೊಂಡು ಹೋಗೋ ಮನೆಯೊಳಗಿನದು.

ಇಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಾವು ಮೂರು ಕನ್ನಡ ಸಂಸಾರ ಸೇರಿ 1990ರ ದಶಕದ ಒಂದು ಕ್ಯಾರವಾನ್ ಕೊಂಡಿದ್ದೀವಿ. ಬೇಸಿಗೆಯಲ್ಲಿ ವೇಲ್ಸ್ ಕಡೆ ಹೋಟೆಲ್ ರೂಮಿನ ರೇಟ್ ನೋಡಿದವರಿಗೆ ಯಾಕೆ ಅಂತ ಹೇಳ್ಬೇಕಿಲ್ಲ. ಒಳಗೆ ಐದು ಪುಟ್ಟ ಟ್ಯೂಬ್‌ಲೈಟ್. ಅದರಲ್ಲಿ ಎರಡು ಹತ್ತುತ್ತಿರಲಿಲ್ಲ, ಒಂದು ಜೇನುನೊಣದ ಥರ ಗುಂಯ್ ಅಂತಿತ್ತು. ಮಕ್ಕಳ ಬಂಕ್ ಮೇಲಿನದು ಉರಿಯೋದೇನೋ ಉರೀತಿತ್ತು, ಆದರೆ ಮಂಕಾಗಿ, ಮಿಣುಕುತ್ತಾ. "ನೀನು ಇ ಅಂಡ್ ಸಿ ಅಲ್ವೇನೋ, ನೋಡು" ಅಂತ ನನಗೆ ಒಪ್ಪಿಸಿದ್ರು. ಇ ಅಂಡ್ ಸಿ ಓದಿ ಸಾಫ್ಟ್‌ವೇರ್‌ಗೆ ಹೋದ ಲಕ್ಷಾಂತರ ಜನರಲ್ಲಿ ನಾನೂ ಒಬ್ಬ. ಕಾಲೇಜ್ ಲ್ಯಾಬಿನಲ್ಲಿ ಟ್ರಾನ್ಸಿಸ್ಟರ್ ಹಿಡಿದದ್ದು, ಆಮೇಲೆ ಎಂಟು ವರ್ಷ ಕೀಬೋರ್ಡ್ ಮಾತ್ರ.

ಮೊದಲು ಈ ದೀಪ ಮನೆಯ ದೀಪಕ್ಕಿಂತ ಯಾಕೆ ಬೇರೆ ಅನ್ನೋದು ಗೊತ್ತಾಗ್ಬೇಕು. ಮನೆಯ ಟ್ಯೂಬ್‌ಲೈಟ್ ಪಟ್ಟಿಯಲ್ಲಿ ಚೋಕು, ಸ್ಟಾರ್ಟರು ಇರ್ತಿದ್ದವು, ಹಿಂದೆ 230 ವೋಲ್ಟ್ ಎಸಿ. ಕ್ಯಾರವಾನಿನಲ್ಲಿ ದೀಪ, ನೀರಿನ ಪಂಪು ಎಲ್ಲ ನಡೆಯೋದು 12 ವೋಲ್ಟಿನ ಒಂದು ಬ್ಯಾಟರಿಯಿಂದ. ಇಲ್ಲಿ ಅದಕ್ಕೆ ಲೆಷರ್ ಬ್ಯಾಟರಿ ಅಂತಾರೆ; ಕಾರಿನ ಬ್ಯಾಟರಿಯ ಅಣ್ಣನ ಥರ, ನಿಧಾನವಾಗಿ ಬಹಳ ಹೊತ್ತು ಕೊಡೋ ಸ್ವಭಾವದ್ದು. ಕ್ಯಾಂಪ್ ಸೈಟಿನಲ್ಲಿ ನೀಲಿ ಪ್ಲಗ್ ಚುಚ್ಚಿ ಮೇನ್ಸ್ ತಗೊಂಡ್ರೂ ದೀಪಕ್ಕೆ ಹೋಗೋದು ಚಾರ್ಜರ್ ದಾಟಿ ಬಂದ 12 ವೋಲ್ಟೇ. ಸಾಮಾನ್ಯ ಬಲ್ಬ್ ಹಾಕಿದ್ರೆ ಬ್ಯಾಟರಿ ಒಂದೇ ರಾತ್ರಿಗೆ ಸುಸ್ತು. ಎಲ್‌ಇಡಿ ಬರೋಕೆ ಮುಂಚೆ ಕಡಿಮೆ ಕರೆಂಟಿಗೆ ಜಾಸ್ತಿ ಬೆಳಕು ಕೊಡ್ತಿದ್ದದ್ದು ಟ್ಯೂಬೇ. ಹಾಗಾಗಿ ಒಂದಡಿಯೂ ಇರದ, ಹೆಬ್ಬೆರಳಿಗಿಂತ ಸಣ್ಣಗಿರೋ 8 ವ್ಯಾಟಿನ ಟ್ಯೂಬು ಎಲ್ಲ ಕ್ಯಾರವಾನುಗಳಿಗೂ ಬಂತು.

ತೊಂದರೆ ಏನಪ್ಪಾ ಅಂದ್ರೆ, ಆ ಪುಟ್ಟ ಟ್ಯೂಬು ಉರೀತಾ ಇರೋಕೆ ಸುಮಾರು 55 ವೋಲ್ಟ್ ಬೇಕು. ಮೊದಲ ಸಲ ಹೊತ್ತಿಕೊಳ್ಳೋಕೆ ಅದರ ಎಷ್ಟೋ ಪಟ್ಟು, ನೂರಾರು ವೋಲ್ಟ್. ನಮ್ಮ ಹತ್ರ ಇರೋದು 12. ಅದೂ ಡಿಸಿ, ಟ್ರಾನ್ಸ್‌ಫಾರ್ಮರಿಗೆ ನೇರ ಕೊಟ್ರೆ ಏನೂ ಆಗಲ್ಲ. ಅದಕ್ಕೇ ಪ್ರತಿ ಪಟ್ಟಿಯೊಳಗೂ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಒಂದು ಇನ್ವರ್ಟರ್ ಕೂತಿರತ್ತೆ.

ಇದನ್ನ ನೀವು ನೋಡಿಲ್ಲ ಅಂದ್ಕೋಬೇಡಿ. ಲೋಡ್‌ಶೆಡ್ಡಿಂಗ್ ಕಾಲದಲ್ಲಿ ಬೆಳೆದ ನಮ್ಮ ವಯಸ್ಸಿನವರೆಲ್ಲರ ಮನೆಯಲ್ಲೂ ಒಂದು ಎಮರ್ಜೆನ್ಸಿ ಲೈಟ್ ಇತ್ತಲ್ಲ, ಹಿಡಿ ಇರೋದು, ಕರೆಂಟ್ ಹೋದ ತಕ್ಷಣ ತಾನೇ ಹತ್ತಿಕೊಳ್ಳೋದು, ಪರೀಕ್ಷೆ ಹಿಂದಿನ ರಾತ್ರಿ ಅರ್ಧ ಗಂಟೆಗೇ ಕೈಕೊಡೋದು? ಅದರ ಒಳಗಿದ್ದದ್ದೂ ಇದೇ ಸರ್ಕ್ಯೂಟ್. 1995ರಲ್ಲಿ ಶುರುವಾದ ಬೆಂಗಳೂರಿನ ಸೆಲ್ಕೋ ಥರದವರು ಕರಾವಳಿ, ಮಲೆನಾಡಿನ ಮನೆಗಳಿಗೆ ಸೋಲಾರ್ ದೀಪ ಹಾಕಿದಾಗಲೂ, ಬ್ಯಾಟರಿಯ 12 ವೋಲ್ಟನ್ನ ಟ್ಯೂಬಿಗೆ ಬೇಕಾದಷ್ಟಕ್ಕೆ ಏರಿಸೋಕೆ ಇದೇ ಜಾತಿಯ ಸರ್ಕ್ಯೂಟು ಬೇಕಿತ್ತು. ಅಂದ್ರೆ ಊರಲ್ಲಿ ಎಮರ್ಜೆನ್ಸಿ ಲೈಟ್ ರಿಪೇರಿ ಮಾಡ್ತಿದ್ದ ಯಾರನ್ನಾದ್ರೂ ತಂದು ಈ ಕ್ಯಾರವಾನಿನಲ್ಲಿ ಕೂರಿಸಿದ್ರೆ ಹತ್ತು ನಿಮಿಷದ ಕೆಲಸ.

ಸರ್ಕ್ಯೂಟು ನಿಜವಾಗ್ಲೂ ಚೆಂದ. ಒಂದು ಪವರ್ ಟ್ರಾನ್ಸಿಸ್ಟರು, ಫೆರೈಟ್ ತಿರುಳಿನ ಮೇಲೆ ಮೂರು ಸುತ್ತುಗಳಿರೋ ಒಂದು ಟ್ರಾನ್ಸ್‌ಫಾರ್ಮರು, ಒಂದೆರಡು ರೆಸಿಸ್ಟರು, ಕೆಪಾಸಿಟರು. ಅಷ್ಟೇ. ಸ್ವಿಚ್ ಹಾಕಿದ ಕೂಡ್ಲೆ ರೆಸಿಸ್ಟರ್ ಮೂಲಕ ಟ್ರಾನ್ಸಿಸ್ಟರಿನ ಬೇಸಿಗೆ ಸ್ವಲ್ಪ ಕರೆಂಟ್ ಹೋಗತ್ತೆ. ಅದು ತುಸು ತೆರೆದುಕೊಳ್ಳತ್ತೆ. ಮೊದಲ ಸುತ್ತಿನಲ್ಲಿ ಕರೆಂಟ್ ಏರತ್ತೆ. ಅದರಿಂದ ಎರಡನೇ ಸುತ್ತಿನಲ್ಲಿ ಹುಟ್ಟೋ ವೋಲ್ಟೇಜ್ ವಾಪಸ್ ಬೇಸಿಗೇ ಬಂದು "ಇನ್ನೂ ತೆಗಿ" ಅನ್ನತ್ತೆ. ಪೂರ್ತಿ ತೆರೆದ ಮೇಲೆ ಇನ್ನು ಏರೋಕೆ ಜಾಗ ಇಲ್ಲ. ಏರಿಕೆ ನಿಂತ ತಕ್ಷಣ ಆ ತಳ್ಳುವಿಕೆಯೂ ನಿಲ್ಲತ್ತೆ, ಟ್ರಾನ್ಸಿಸ್ಟರ್ ದಡಕ್ ಅಂತ ಮುಚ್ಚಿಕೊಳ್ಳತ್ತೆ. ತಿರುಳಿನಲ್ಲಿ ಕೂಡಿಟ್ಟ ಶಕ್ತಿ ಎಲ್ಲಾದ್ರೂ ಹೋಗ್ಲೇಬೇಕಲ್ಲ, ನೂರಾರು ಎಳೆ ಸುತ್ತಿರೋ ಮೂರನೇ ಸುತ್ತಿನಿಂದ ದೊಡ್ಡ ವೋಲ್ಟೇಜ್ ಆಗಿ ಟ್ಯೂಬಿಗೆ ನುಗ್ಗತ್ತೆ. ಆಮೇಲೆ ಮತ್ತೆ ಮೊದಲಿಂದ. ಸೆಕೆಂಡಿಗೆ ಇಪ್ಪತ್ತು ಸಾವಿರ ಸಲಕ್ಕಿಂತ ಹೆಚ್ಚು. ಬರೆದ ಕೋಡ್ ಒಂದೇ ಸಾಲು, ಓಡೋದು ಮಾತ್ರ ನಿಲ್ಲದ ಲೂಪು.

ಇದು ಅರ್ಥ ಆದ್ರೆ ಈ ದೀಪಗಳು ಸಾಯೋ ರೀತಿಯೂ ಅರ್ಥ ಆಗತ್ತೆ. ಟ್ಯೂಬು ಸತ್ತಿದ್ರೆ, ಅಥವಾ ತೆಗೆದುಬಿಟ್ಟು ಸ್ವಿಚ್ ಹಾಕಿದ್ರೆ, ಆ ಶಕ್ತಿಗೆ ಹೋಗೋ ದಾರಿ ಇಲ್ಲ. ವೋಲ್ಟೇಜ್ ಏರ್ತಾ ಏರ್ತಾ ವಾಪಸ್ ಟ್ರಾನ್ಸಿಸ್ಟರಿನ ತಲೆ ಮೇಲೇ ಬೀಳತ್ತೆ. ಅದು ಬಿಸಿಯಾಗಿ, ಕೊನೆಗೆ ಒಳಗೇ ಶಾರ್ಟ್ ಆಗತ್ತೆ. "ಟ್ಯೂಬ್ ಹೋಗಿದೆ, ಇರ್ಲಿ ಬಿಡು, ಊರಿಗೆ ಹೋದ ಮೇಲೆ ನೋಡೋಣ" ಅಂತ ಸ್ವಿಚ್ ಆನ್‌ನಲ್ಲೇ ಬಿಟ್ರೆ ಸಣ್ಣ ಟ್ಯೂಬಿನ ಖರ್ಚು ಇಡೀ ಪಟ್ಟಿಯ ಖರ್ಚಾಗತ್ತೆ. ಟ್ಯೂಬಿನ ತುದಿಗಳು ಕಪ್ಪಾಗಿದ್ರೆ ಕಾಯಬೇಡಿ, ಬದಲಾಯಿಸಿ. ಅಗ್ಗದ ಪಟ್ಟಿಗಳಲ್ಲಿ ತುದಿಯ ಫಿಲಮೆಂಟನ್ನ ಬಿಸಿ ಮಾಡದೇ ಬರೀ ವೋಲ್ಟೇಜಿನಿಂದ ಹೊಡೆದು ಹೊತ್ತಿಸ್ತಾರೆ, ಅದಕ್ಕೇ ಅವು ಬೇಗ ಕಪ್ಪಾಗೋದು.

ಇನ್ನು ಕೆಲಸಕ್ಕೆ ಬರೋಣ. ಹನ್ನೆರಡು ವೋಲ್ಟ್ ತಾನೇ ಅಂತ ಉಡಾಫೆ ಬೇಡ. ಉರೀತಿರೋ ಪಟ್ಟಿಯ ಟ್ಯೂಬ್ ಕಡೆಯ ತುದಿಗಳಲ್ಲಿ ನೂರಾರು ವೋಲ್ಟ್ ಇರತ್ತೆ, ಮುಟ್ಟಿದ್ರೆ ಶಾಕ್ ಜೊತೆ ಬೆರಳೂ ಸುಡತ್ತೆ. ಬ್ಯಾಟರಿ ಕಡೆ ವೋಲ್ಟ್ ಕಡಿಮೆ, ಆದರೆ ಎರಡು ತುದಿ ಮಧ್ಯೆ ಸ್ಪ್ಯಾನರ್ ಬಿದ್ರೆ ನೂರಾರು ಆಂಪ್ ಹರಿದು ಸ್ಪ್ಯಾನರೇ ಕೆಂಪಾಗತ್ತೆ. ಚಾರ್ಜ್ ಆಗೋ ಬ್ಯಾಟರಿಯಿಂದ ಹೈಡ್ರೋಜನ್ ಬರತ್ತೆ, ಪಕ್ಕದಲ್ಲೇ ಅಡುಗೆಯ ಗ್ಯಾಸ್ ಸಿಲಿಂಡರ್ ಬೇರೆ. ನೀಲಿ ಪ್ಲಗ್ ಕಿತ್ತು, ಗ್ಯಾಸ್ ಆಫ್ ಮಾಡಿ, ಬ್ಯಾಟರಿಯ ಒಂದು ತುದಿ ಬಿಚ್ಚಿ, ಆಮೇಲೆ ಸ್ಕ್ರೂಡ್ರೈವರ್.

ಸೀಟಿನ ಕೆಳಗಿನ ಫ್ಯೂಸ್ ಬಾಕ್ಸ್ ತೆಗೆದಾಗ ನನಗೆ ಮೊದಲ ಸಲ ಸಣ್ಣಗೆ ಬೆವರು ಬಂತು. ದೀಪದ ಲೈನಿಗೆ 10 ಆಂಪ್ ಅಂತ ಮುಚ್ಚಳದ ಮೇಲೆ ಬರೆದಿದೆ, ಒಳಗಿದ್ದದ್ದು 25 ಆಂಪಿನ ಫ್ಯೂಸು. ಹಿಂದಿನ ಯಾರೋ ಪುಣ್ಯಾತ್ಮರು, ಪದೇ ಪದೇ ಫ್ಯೂಸ್ ಹೋಗತ್ತೆ ಅಂತ ದೊಡ್ಡದು ಹಾಕಿ ಸಮಸ್ಯೆ ಬಗೆಹರಿಸಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಎಕ್ಸೆಪ್ಷನ್ ಬರ್ತಿದೆ ಅಂತ ಖಾಲಿ ಕ್ಯಾಚ್ ಬ್ಲಾಕ್ ಬರೆದ ಹಾಗೆ. ಫ್ಯೂಸ್ ಇರೋದು ದೀಪ ಕಾಪಾಡೋಕಲ್ಲ, ವೈರ್ ಕಾಪಾಡೋಕೆ. ಪ್ಲೈವುಡ್ ಹಿಂದೆ, ಥರ್ಮೋಕೋಲ್ ಥರದ ಶೀಟುಗಳ ನಡುವೆ ಹೋಗೋ ಆ ತೆಳು ವೈರು 25 ಆಂಪ್ ತಾಳೋದಲ್ಲ. ಶಾರ್ಟ್ ಆಗಿದ್ರೆ ಫ್ಯೂಸಿಗಿಂತ ಮುಂಚೆ ವೈರೇ ಫ್ಯೂಸ್ ಆಗ್ತಿತ್ತು.

ಹತ್ತದ ಎರಡು ದೀಪಗಳಲ್ಲಿ ಒಂದು ಸುಲಭದ್ದು. ಚೆನ್ನಾಗಿ ಉರಿಯೋ ದೀಪದ ಟ್ಯೂಬ್ ತಂದು ಇದಕ್ಕೆ ಹಾಕಿದೆ, ಹತ್ತಲಿಲ್ಲ. ಟ್ಯೂಬಿನ ಪಿನ್ ಹಿಡಿಯೋ ಹಿತ್ತಾಳೆ ಪಟ್ಟಿಗಳು ಹಸಿರು ಹಿಡಿದಿದ್ದವು. ಇಂಗ್ಲೆಂಡಿನ ಚಳಿಗಾಲದಲ್ಲಿ ನಿಂತ ಕ್ಯಾರವಾನಿನೊಳಗೆ ತೇವ ತಪ್ಪದು. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಉಜ್ಜಿ, ಟ್ಯೂಬನ್ನ ನಾಲ್ಕು ಸಲ ತಿರುಗಿಸಿದ್ಮೇಲೆ ಪಕ್ ಅಂತ ಬಂತು.

ಒಂದು ಚಿಟಿಕೆ ಉಪಾಯ: ಟ್ಯೂಬ್ ಹತ್ತದಿದ್ದಾಗ ಇನ್ವರ್ಟರ್ ಜೀವಂತ ಇದೆಯೋ ಇಲ್ವೋ ತಿಳಿಯೋಕೆ ಹಳೇ ಮೀಡಿಯಂ ವೇವ್ ರೇಡಿಯೋ ಸಾಕು. ಎರಡು ಸ್ಟೇಷನ್ ಮಧ್ಯದ ಖಾಲಿ ಜಾಗಕ್ಕೆ ಟ್ಯೂನ್ ಮಾಡಿ ಪಟ್ಟಿಯ ಹತ್ರ ಹಿಡೀರಿ. ಸ್ವಿಚ್ ಹಾಕಿದಾಗ ಗರ್ರ್ ಅಂದ್ರೆ ಸರ್ಕ್ಯೂಟು ಕುಣೀತಿದೆ, ತೊಂದರೆ ಟ್ಯೂಬಿನಲ್ಲೋ ಪಿನ್ನಿನಲ್ಲೋ ಇದೆ. ಬದುಕಿದ್ದ ಎಮರ್ಜೆನ್ಸಿ ಲೈಟ್ ಪಕ್ಕದಲ್ಲಿ ಆಕಾಶವಾಣಿ ಕೇಳೋಕಾಗ್ತಿರಲಿಲ್ಲ, ನೆನಪಿರಬಹುದು. ಒಂದೇ ಸಲ ಪರೀಕ್ಷೆ ಮಾಡಿ ಆಫ್ ಮಾಡಿ, ಟ್ಯೂಬಿಲ್ಲದೆ ಓಡಿಸೋದು ಏನು ಮಾಡತ್ತೆ ಅಂತ ಮೇಲೇ ಹೇಳಿದೆ.

ಎರಡನೆಯದು ರೇಡಿಯೋದಲ್ಲೂ ಮೌನ. ಟ್ರಾನ್ಸಿಸ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದ್ರೆ ಕಲೆಕ್ಟರ್ ಮತ್ತು ಎಮಿಟರ್ ಮಧ್ಯೆ ಬೀಪ್. ಆರೋಗ್ಯವಾಗಿರೋ ಎನ್‌ಪಿಎನ್ ಟ್ರಾನ್ಸಿಸ್ಟರಿನಲ್ಲಿ ಬೇಸಿನಿಂದ ಉಳಿದೆರಡು ಕಾಲಿಗೆ ಒಂದು ದಿಕ್ಕಿನಲ್ಲಿ 0.6, 0.7 ವೋಲ್ಟ್ ತೋರಿಸ್ಬೇಕು. ಕಲೆಕ್ಟರ್ ಎಮಿಟರ್ ಮಧ್ಯೆ ಎರಡೂ ದಿಕ್ಕಿನಲ್ಲಿ ಏನೂ ಇರಬಾರದು. ಬೀಪ್ ಬಂದ್ರೆ ಸತ್ತಿದೆ. ಈ ಫ್ಯೂಸು ಪದೇ ಪದೇ ಯಾಕೆ ಹೋಗ್ತಿತ್ತು ಅನ್ನೋ ಹಳೇ ಪ್ರಶ್ನೆಗೆ ಉತ್ತರವೂ ಸಿಕ್ತು. ಸತ್ತ ಟ್ರಾನ್ಸಿಸ್ಟರು ಮೊದಲ ಸುತ್ತನ್ನ ನೇರ ಬ್ಯಾಟರಿಗೆ ಕಟ್ಟಿದ ಹಾಗೆ. 25 ಆಂಪಿನ ಫ್ಯೂಸ್ ಬಂದ ಮೇಲೆ ಯಾವುದೋ ಒಂದು ದಿನ ಬೋರ್ಡಿನ ಮೇಲಿನ ತಾಮ್ರದ ಗೆರೆಯೇ ಸುಟ್ಟು ತುಂಡಾಗಿ, ದೀಪ ಶಾಂತವಾಗಿದೆ. ಅದರ ಸುತ್ತ ಕಪ್ಪು ಮಸಿ.

ಟ್ರಾನ್ಸಿಸ್ಟರ್ ದುಬಾರಿಯದಲ್ಲ. ಎಸ್.ಪಿ. ರೋಡಿನಲ್ಲಾದ್ರೆ ಚಹಾ ಕುಡಿಯೋ ಅಷ್ಟರಲ್ಲಿ ಸಿಗತ್ತೆ, ಇಲ್ಲಿ ಆನ್‌ಲೈನ್. ಅದರ ಮೇಲೆ ಬರೆದ ನಂಬರನ್ನೇ ಹುಡುಕಿ, ಇಲ್ಲದಿದ್ರೆ ಅಷ್ಟೇ ವೋಲ್ಟೇಜು, ಆಂಪು ತಾಳೋ ಇನ್ನೊಂದು. ಆದರೆ ಬರೀ ಅದನ್ನ ಬದಲಾಯಿಸಿ ಸ್ವಿಚ್ ಹಾಕಬೇಡಿ. ಕೊಂದವರು ಯಾರು ಅಂತ ನೋಡಿ: ಟ್ಯೂಬ್ ಹಳೇದಾಗಿದ್ಯಾ, ಬೇಸಿನ ರೆಸಿಸ್ಟರ್ ಸುಟ್ಟಿದ್ಯಾ, ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ತಲೆ ಉಬ್ಬಿದ್ಯಾ. ಟ್ರಾನ್ಸಿಸ್ಟರಿನ ಬೆನ್ನಿಗೆ ಅಂಟಿರೋ ಮೈಕಾ ಹಾಳೆಯನ್ನ ಕಸ ಅಂತ ಎಸೀಬೇಡಿ. ಆ ಬೆನ್ನೇ ಕಲೆಕ್ಟರ್, ಪಟ್ಟಿಯ ತಗಡು ಸಾಮಾನ್ಯವಾಗಿ ನೆಗೆಟಿವ್ ಕಡೆ. ಮೈಕಾ ಇಲ್ಲದೆ ಸ್ಕ್ರೂ ಬಿಗಿದ್ರೆ ಹೊಸದೂ ಶಾರ್ಟ್ ಆದ ಹಾಗೇ.

ಮೊದಲ ಸಲ ಕರೆಂಟ್ ಕೊಡುವಾಗ ನಮ್ಮೂರ ರಿಪೇರಿ ಅಂಗಡಿಯ ಸೀರೀಸ್ ಬಲ್ಬ್ ನೆನಪಿಸ್ಕೊಳ್ಳಿ. ಇಲ್ಲಿ 12 ವೋಲ್ಟಿನ, 21 ವ್ಯಾಟಿನ ಕಾರ್ ಇಂಡಿಕೇಟರ್ ಬಲ್ಬನ್ನ ಬ್ಯಾಟರಿಗೂ ಪಟ್ಟಿಗೂ ನಡುವೆ ಸರಣಿಯಲ್ಲಿ ಹಾಕಿ. ಒಳಗೆ ಶಾರ್ಟ್ ಇದ್ರೆ ಬಲ್ಬ್ ಜೋರಾಗಿ ಉರಿಯತ್ತೆ, ಮಿಕ್ಕಿದ್ದೇನೂ ಸುಡಲ್ಲ. ಬಲ್ಬ್ ಕೆಂಪಗೆ ಮಿಣುಕಿ ಟ್ಯೂಬು ಮಂದವಾಗಿ ಹತ್ತಿದ್ರೆ ಗೆದ್ದಿರಿ. ಬ್ಯಾಟರಿಯ ಪ್ಲಸ್ ಮೈನಸ್ ಮಾತ್ರ ತಿರುಗಬಾರದು. ಹಳೇ ಕ್ಯಾರವಾನಿನಲ್ಲಿ ವೈರಿನ ಬಣ್ಣ ನಂಬಬೇಡಿ, ಮೀಟರ್ ನಂಬಿ.

ಇಷ್ಟಾಗೋ ಹೊತ್ತಿಗೆ ಸಂಜೆ ಐದು. ಮಕ್ಕಳ ಬಂಕಿನ ದೀಪ ಬಾಕಿ. ಅದು ಉರೀತಿತ್ತಲ್ಲ, ಹಾಗಾಗಿ ಎಲ್ಲರ ಲೆಕ್ಕದಲ್ಲಿ ಅದು ಕೊನೆಯದು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಅದೇ.

ಬ್ಯಾಟರಿಯ ಹತ್ರ ಅಳೆದ್ರೆ 12.6 ವೋಲ್ಟ್. ಎಲ್ಲ ದೀಪ ಉರೀತಿರುವಾಗ ಬಂಕಿನ ಪಟ್ಟಿಯ ತುದಿಯಲ್ಲಿ ಅಳೆದ್ರೆ 10.4. ಎರಡೂ ಕಾಲು ವೋಲ್ಟ್ ದಾರಿಯಲ್ಲಿ ಮಾಯ. ವೋಲ್ಟ್ ಕಡಿಮೆ ಬಂದ್ರೆ ಇನ್ವರ್ಟರ್ ಹೆಣಗಾಡತ್ತೆ, ಟ್ಯೂಬು ಸರಿಯಾಗಿ ಹೊತ್ತದೆ ಮಿಣುಕತ್ತೆ. ಪಕ್ಕದ ದೀಪದ ಗುಂಯ್ ಅನ್ನೋದೂ ಇದರದ್ದೇ: ಆವರ್ತನ ಕೆಳಗಿಳಿದು ನಮ್ಮ ಕಿವಿಗೆ ಕೇಳೋ ಮಟ್ಟಕ್ಕೆ ಬಂದಿರತ್ತೆ. ಸರಿ, ತಾಮ್ರದ ವೈರಿಗೂ ತಡೆ ಇದೆ. ಒಂದೂವರೆ ಚದರ ಮಿಲಿಮೀಟರಿನ ವೈರು ಮೀಟರಿಗೆ ಸುಮಾರು 0.012 ಓಮ್. ಹೋಗಿ ಬರೋ ದಾರಿ ಸೇರಿ 16 ಮೀಟರ್ ಅಂದ್ಕೊಂಡ್ರೆ 0.19 ಓಮ್. ಮೂರು ನಾಲ್ಕು ಆಂಪಿಗೆ ಮುಕ್ಕಾಲು ವೋಲ್ಟ್ ಹೋಗಬಹುದು. ಉಳಿದ ಒಂದೂವರೆ ಎಲ್ಲಿ?

ಇದನ್ನ ಹುಡುಕೋ ಕ್ರಮ ಸರಳ. ದೀಪಗಳು ಉರೀತಿರಲಿ. ಮೀಟರನ್ನ ಪ್ರತಿ ಜಾಯಿಂಟಿನ ಆಚೆ ಈಚೆ ಇಟ್ಟು ಅಳೀರಿ. ಒಳ್ಳೇ ಜಾಯಿಂಟಿನಲ್ಲಿ ಸೊನ್ನೆಗೆ ಹತ್ತಿರ ಬರಬೇಕು. ಫ್ಯೂಸ್ ಸರಿ, ಸ್ವಿಚ್ ಸರಿ. ಕೊನೆಗೆ ಬಂಕಿನ ತಲೆಯ ಕಡೆಯ ಪ್ಲೈವುಡ್ ಬಿಚ್ಚಿದಾಗ ಸಿಕ್ಕಿತು. ವೈರನ್ನ ಕತ್ತರಿಸದೆ, ಕಚ್ಚಿ ಹಿಡಿದು ಕವಲು ತೆಗೆಯೋ ಪ್ಲಾಸ್ಟಿಕ್ ಕ್ಲಿಪ್ ಬರತ್ತಲ್ಲ, ಅದು. ಮೂಲದಲ್ಲಿ ನೀಲಿ ಬಣ್ಣದ್ದು, ಈಗ ಕಾಫಿ ಬಣ್ಣ. ಅದರ ಆಚೆ ಈಚೆ ಸರಿಯಾಗಿ 1.5 ವೋಲ್ಟ್. ಅದರ ಮೂಲಕ ಮೂರು ದೀಪದ ಕರೆಂಟ್, 2.2 ಆಂಪ್. ಗುಣಿಸಿದ್ರೆ ಮೂರು ಚಿಲ್ಲರೆ ವ್ಯಾಟ್.

ಮೂರು ವ್ಯಾಟ್ ಅಂದ್ರೆ ಏನ್ ಮಹಾ ಅನ್ನಿಸತ್ತೆ. ಕಡಲೆಕಾಯಿಯಷ್ಟು ಜಾಗದಲ್ಲಿ, ಗಾಳಿ ಆಡದ ಕಡೆ, ಗಂಟೆಗಟ್ಟಲೆ ಮೂರು ವ್ಯಾಟ್. ಹಿಂದಿನ ಪ್ಲೈ ಮೇಲೆ ಐವತ್ತು ಪೈಸೆ ನಾಣ್ಯದಷ್ಟು ಸುಟ್ಟ ಕಲೆ. ಆ ಪ್ಲೈ ಆಚೆ ಬದಿಗೆ ಆರು ವರ್ಷದ ಹುಡುಗಿಯ ದಿಂಬು.

ಇಲ್ಲಿ ಎಲ್ಲರೂ ತಿಳಿಯಬೇಕಾದ ವಿಷಯ ಒಂದಿದೆ. ಆ 25 ಆಂಪಿನ ಫ್ಯೂಸ್ ಬದಲು ಸರಿಯಾದ 10 ಆಂಪಿನದೇ ಇದ್ದಿದ್ರೂ ಇದು ನಿಲ್ತಿರಲಿಲ್ಲ. ಫ್ಯೂಸಿಗೆ ಗೊತ್ತಾಗೋದು ಹೆಚ್ಚು ಕರೆಂಟ್ ಮಾತ್ರ. ಕೆಟ್ಟ ಜಾಯಿಂಟಿನಲ್ಲಿ ಕರೆಂಟ್ ಹೆಚ್ಚಾಗೋದೇ ಇಲ್ಲ, ಇನ್ನೂ ಕಡಿಮೆ ಆಗತ್ತೆ. ಯಾವ ಅಲಾರಮ್ಮೂ ಇಲ್ಲದೆ ಬಿಸಿಯಾಗ್ತಾ ಹೋಗತ್ತೆ. ಹೊರಗೆ ಕಾಣೋದು ಇಷ್ಟೇ: ದೀಪ ಸ್ವಲ್ಪ ಮಂಕು. "ಬ್ಯಾಟರಿ ವೀಕು" ಅಂತ ನಾವು ಎರಡು ಬೇಸಿಗೆ ಅದನ್ನ ಹಾಗೇ ಬಿಟ್ಟಿದ್ವಿ, ಹಿಂದಿನವರು ಇನ್ನೆಷ್ಟು ವರ್ಷವೋ. ಊರಲ್ಲಿ ಮನೆಯ ಸ್ವಿಚ್ ಬೋರ್ಡ್ ಬಿಸಿಯಾಗೋದು, ಗೀಜರ್ ಪ್ಲಗ್ಗಿನ ಒಂದು ಕಾಲು ಕಪ್ಪಾಗೋದು ಇದೇ ಕಾಯಿಲೆ.

ಆ ಕ್ಲಿಪ್ಪುಗಳನ್ನೆಲ್ಲ ಕಿತ್ತು, ವೈರಿನ ಕಪ್ಪಾದ ತುದಿ ಕತ್ತರಿಸಿ, ಹೊಳೆಯೋ ತಾಮ್ರ ಸಿಗೋವರೆಗೂ ಸುಲಿದು, ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ, ಮೇಲೆ ಹೀಟ್ ಶ್ರಿಂಕ್ ತೊಡಿಸಿದ್ವಿ. ಒಟ್ಟು ಏಳು ಜಾಯಿಂಟ್. ಬಂಕಿನಲ್ಲಿ ಈಗ 11.9. ಗುಂಯ್ ಅನ್ನೋ ದೀಪ ತಾನಾಗೇ ಸುಮ್ಮನಾಯ್ತು, ಅದನ್ನ ಮುಟ್ಟಲೂ ಇಲ್ಲ.

ಆ ಹುಡುಗಿಯ ಅಮ್ಮ, ನಮ್ಮ ಗುಂಪಿಗೆಲ್ಲ ಅಕ್ಕ, ಸುಟ್ಟ ಪ್ಲೈ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇದನ್ನೆಲ್ಲ ಕಿತ್ತು ಬಿಸಾಕಿ ಎಲ್‌ಇಡಿ ಹಾಕೋಕೇನು ನಿಮಗೆ?" ಅಂದ್ರು.

"ಅಕ್ಕಾ, ಸುಟ್ಟಿದ್ದು ದೀಪ ಅಲ್ಲ, ಜಾಯಿಂಟು" ಅಂದೆ.

"ಯಾವುದಾದ್ರೂ ಆಗ್ಲಿ ಕಣೋ."

ಅವರ ಮಾತಿನಲ್ಲಿ ಲೆಕ್ಕವೂ ಇದೆ. ಐದು ಟ್ಯೂಬು, ತಲಾ ಮುಕ್ಕಾಲು ಆಂಪು, ರಾತ್ರಿ ಐದು ಗಂಟೆ: ಸುಮಾರು 19 ಆಂಪ್ ಅವರ್. ನಮ್ಮದು 110ರ ಬ್ಯಾಟರಿ, ಬಾಳಿಕೆ ಬರಬೇಕಾದ್ರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಮೂರನೇ ರಾತ್ರಿ ಪಂಪಿಗೂ ದೀಪಕ್ಕೂ ಜಗಳ. ಅದೇ ಬೆಳಕಿನ ಎಲ್‌ಇಡಿ ಇದರ ಮೂರನೇ ಒಂದು ಭಾಗಕ್ಕೆ ಸಾಕು. ಟ್ಯೂಬುಗಳ ಕಾಲವೂ ಮುಗೀತಾ ಬಂತು. ಒಳಗೆ ಪಾದರಸ ಇರೋದರಿಂದ, ಸಾಮಾನ್ಯ ಬೆಳಕಿಗೆ ಬಳಸೋ ಫ್ಲೋರೊಸೆಂಟ್ ದೀಪಗಳ ತಯಾರಿಕೆ, ಆಮದು, ರಫ್ತನ್ನ 2027ರ ಕೊನೆಯೊಳಗೆ ನಿಲ್ಲಿಸೋಕೆ ಮಿನಾಮಾಟಾ ಒಪ್ಪಂದದ ದೇಶಗಳು 2023ರಲ್ಲಿ ತೀರ್ಮಾನ ಮಾಡಿವೆ.

ಹಾಗಂತ ಯಾವುದೋ ಎಲ್‌ಇಡಿ ಟ್ಯೂಬ್ ತಂದು ಹಳೇ ಪಟ್ಟಿಗೆ ಸಿಕ್ಕಿಸಬೇಡಿ. ಒಳಗಿನ ಇನ್ವರ್ಟರ್ ನೂರಾರು ವೋಲ್ಟ್ ಹೊಡೆದು ಅದನ್ನ ಸಾಯಿಸತ್ತೆ. ಇನ್ವರ್ಟರನ್ನ ಪೂರ್ತಿ ಬಿಚ್ಚಿ ತೆಗೆದು, 12 ವೋಲ್ಟನ್ನ ನೇರ ಕೊಡಬೇಕು. "12 ವೋಲ್ಟ್" ಅಂತ ಮಾತ್ರ ಬರೆದಿರೋ ಅಗ್ಗದ ಎಲ್‌ಇಡಿ ಪಟ್ಟಿಯೂ ಬೇಡ, ಚಾರ್ಜರ್ ಓಡ್ತಿರುವಾಗ ಲೈನಿನಲ್ಲಿ 14.4 ವೋಲ್ಟ್ ವರೆಗೂ ಬರತ್ತೆ. 10ರಿಂದ 30 ವೋಲ್ಟ್ ತಾಳತ್ತೆ ಅಂತ ಬರೆದಿರೋದು ನೋಡಿ ತಗೊಳ್ಳಿ. ಮತ್ತೆ, ಜಾಯಿಂಟ್ ಸರಿ ಮಾಡದೆ ಎಲ್‌ಇಡಿ ಹಾಕಿದ್ರೆ ಕರೆಂಟ್ ಕಡಿಮೆಯಾಗಿ ಆ ಕಲೆ ಬೆಳೆಯೋದು ನಿಂತಂತೆ ಕಾಣತ್ತೆ. ಅದೇ ಲೈನಿಗೆ ನಾಳೆ ಯಾರಾದ್ರೂ ಫ್ಯಾನೋ ಫೋನ್ ಚಾರ್ಜರೋ ಸೇರಿಸಿದ ದಿನ ಮತ್ತೆ ಶುರು.

ಕೊನೆಗೆ ಆದದ್ದು ರಾಜಿ. ಬಂಕಿನ ಎರಡು ದೀಪ ಎಲ್‌ಇಡಿ ಆದವು. ಅಡುಗೆ ಕಟ್ಟೆ, ಊಟದ ಮೇಜು, ಬಾಗಿಲ ಹತ್ರದ್ದು ಟ್ಯೂಬೇ. ಬಂಕಿನಿಂದ ಬಿಚ್ಚಿದ ಇನ್ವರ್ಟರುಗಳು ಇವುಗಳ ಬಿಡಿಭಾಗಕ್ಕೆ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಕೂತಿವೆ. ಬದಲಾಯಿಸಿದ ಹಳೇ ಟ್ಯೂಬುಗಳನ್ನ ಕಸದ ಬುಟ್ಟಿಗೆ ಹಾಕದೆ ಕೌನ್ಸಿಲ್ಲಿನ ರೀಸೈಕ್ಲಿಂಗ್ ಕೇಂದ್ರಕ್ಕೆ ಕೊಟ್ಟು ಬಂದ್ವಿ. ಒಂದು ವೇಳೆ ಒಳಗೇ ಒಡೆದ್ರೆ ಮಕ್ಕಳನ್ನ ಹೊರಗೆ ಕಳಿಸಿ, ಕಿಟಕಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು, ಗಟ್ಟಿ ರಟ್ಟಿನಿಂದ ಚೂರು ಬಾಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ವ್ಯಾಕ್ಯೂಮ್ ಕ್ಲೀನರ್ ಬೇಡ, ಅದು ಪಾದರಸವನ್ನ ಗಾಳಿಗೆ ಹರಡತ್ತೆ.

ಫ್ಯೂಸ್ ಬಾಕ್ಸಿನಲ್ಲಿ ಈಗ 10 ಆಂಪು. ಮುಚ್ಚಳದ ಒಳಗೆ ಅಕ್ಕ ಕನ್ನಡದಲ್ಲೇ ಒಂದು ಚೀಟಿ ಅಂಟಿಸಿದ್ದಾರೆ: "ಇದಕ್ಕಿಂತ ದೊಡ್ಡದು ಹಾಕಬೇಡಿ, ನನಗೆ ಫೋನ್ ಮಾಡಿ." ಮುಂದೆ ಈ ಕ್ಯಾರವಾನನ್ನ ಕೊಳ್ಳೋ ಇಂಗ್ಲಿಷರು ಅದನ್ನ ಹೇಗೆ ಓದ್ತಾರೋ ನೋಡಬೇಕು.